ಹೈನುಗಾರಿಕೆಯೂ ಉದ್ಯಮವೇ: ನಂಬಿಕೆ ಬಂಡವಾಳ, ತಾಳ್ಮೆ ದುಡಿಮೆ



ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಗಳಿಗೆ ಚಿಕಿತ್ಸೆಗೆಂದು ಹೋದಾಗ ಯುವಕರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: "ಸಾಹೇಬ್ರ, ಕಾರ್ಖಾನಿಗೆ ಹೋಗೋದೋ, ಸಾಲ ತಗದು ನಾಕು ಆಕಳಾ ಕಟ್ಟೋದೋ?" ಎರಡೂ ಒಳ್ಳೆಯ ದಾರಿಗಳೇ. ಆದರೆ ಕಾರ್ಖಾನೆಯಲ್ಲಿ ಪಾಳಿ ಮುಗಿದರೆ ಕೆಲಸ ಮುಗಿಯಿತು, ತಿಂಗಳು ತುಂಬಿದರೆ ಪಗಾರ ಬಂತು. ಆಕಳು ಕಟ್ಟಿದವರು ನೌಕರರಲ್ಲ, ಉದ್ಯಮಿಗಳು. ಲಾಭ, ನಷ್ಟ, ಹೆಸರು ಎಲ್ಲವೂ ಅವರದೇ. ಈ ಉದ್ಯಮ ನಿಲ್ಲಲು ಏನು ಬೇಕು ಎಂದು ಕೊಟ್ಟಿಗೆಗಳಲ್ಲಿ ನಾನು ಕಂಡು ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ಪೇಢೆ ಕಲಿಸುವ ಪಾಠ

ಹಾಲಿನಿಂದ ಕಟ್ಟಿದ ಉದ್ಯಮಕ್ಕೆ ನಮ್ಮೂರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಉತ್ತರ ಪ್ರದೇಶದ ಉನ್ನಾವ್‌ನಲ್ಲಿ ಪ್ಲೇಗ್ ಹಬ್ಬಿದಾಗ ಠಾಕೂರ್ ಕುಟುಂಬ ಧಾರವಾಡಕ್ಕೆ ಬಂದಿತು. ರಾಮರತನ್ ಸಿಂಗ್ ಠಾಕೂರ್ ಇಲ್ಲಿ ಪೇಢೆ ಮಾಡಿ ಮಾರತೊಡಗಿದರು. ಮೊಮ್ಮಗ ಬಾಬುಸಿಂಗ್ ಠಾಕೂರ್ ಕಾಲಕ್ಕೆ ಅದು 'ಲೈನ್ ಬಜಾರ್ ಪೇಢೆ' ಎಂದು ಮನೆಮಾತಾಯಿತು. ಇಂದು ಧಾರವಾಡ ಪೇಢೆಗೆ ಭೌಗೋಳಿಕ ಮಾನ್ಯತೆ ಇದೆ. ಹೆಸರು ಬೆಳೆಯಲು ತಲೆಮಾರುಗಳೇ ಬೇಕಾದವು.

ಆ ಹೆಸರಿನ ಹಿಂದೆ ಗೌಳಿಗರ ಎಮ್ಮೆಗಳ ಗಟ್ಟಿ ಹಾಲೂ ಇದೆ. ನೂರು ಕಿಲೋ ಎಮ್ಮೆ ಹಾಲು ಕಾಸಿದರೆ ಸುಮಾರು ಇಪ್ಪತ್ತು ಕಿಲೋ ಖೋವಾ ಸಿಗುತ್ತದೆ. ಅದೇ ಹಾಲಿಗೆ ಹತ್ತು ಲೀಟರ್ ನೀರು ಬೆರೆತರೆ ಖೋವಾ ಒಂದು ತೊಲವೂ ಹೆಚ್ಚುವುದಿಲ್ಲ, ಉರುವಲು ಮಾತ್ರ ಹೆಚ್ಚು ಖರ್ಚಾಗುತ್ತದೆ. ಅಳತೆಯಲ್ಲಿ ಗೆದ್ದದ್ದು ಬಾಣಲೆಯಲ್ಲಿ ಬಯಲಾಗುತ್ತದೆ.

ಕಣ್ಣಿಗೆ ಕಾಣದ ಪ್ರಾಮಾಣಿಕತೆ

ನೀರು ಬೆರೆಸಿದರೆ ಸಂಘದ ಪರೀಕ್ಷೆಯಲ್ಲಿ ಎಸ್.ಎನ್.ಎಫ್. ಇಳಿದು ಗೊತ್ತಾಗುತ್ತದೆ. ನಿಜವಾದ ಪರೀಕ್ಷೆ ಇರುವುದು ಕಣ್ಣಿಗೆ ಕಾಣದ ಕಡೆ. ಕೆಚ್ಚಲು ಬಾವಿಗೆ ಆ್ಯಂಟಿಬಯೋಟಿಕ್ ಕೊಟ್ಟ ಮೇಲೆ ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಅದರಲ್ಲಿ ಔಷಧಿಯ ಅಂಶ ಕೆಲವು ದಿನ ಉಳಿದಿರುತ್ತದೆ. ಕಾಸಿದರೆ ಅದು ಪೂರ್ತಿ ಹೋಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂಡುವುದಿಲ್ಲ. ಒಬ್ಬರ ಎರಡು ಲೀಟರ್ ಹಾಲು ಇಡೀ ಊರಿನ ಹಾಲನ್ನು ಕೆಡಿಸಬಲ್ಲದು.

ಚಿಕಿತ್ಸೆ ಪಡೆದಾಗಲೆಲ್ಲ "ಎಷ್ಟು ದಿನ ಹಾಲು ಹಾಕಬಾರದು?" ಎಂದು ಪಶುವೈದ್ಯರನ್ನು ಕೇಳಿರಿ. ಅಷ್ಟು ದಿನ ನಾಲ್ಕೂ ಮೊಲೆಗಳ ಹಾಲನ್ನು ಬೇರೆ ತೆಗೆಯಿರಿ. ಆ ದಿನಗಳ ಬಿಲ್ಲು ಕಡಿಮೆಯಾಗುವುದು ನಿಜ. ಸಾಲದ ಕಂತು ತಲೆಮೇಲಿದ್ದಾಗ ಹಾಲು ಚೆಲ್ಲಲು ಕೈ ಬರುವುದಿಲ್ಲ. ಯಾರೂ ನೋಡದಿದ್ದರೂ ಚೆಲ್ಲುವ ಆ ಕೈಯೇ ಸಂಘದ ಹೆಸರು ಉಳಿಸುತ್ತದೆ.

ಕಾಯುವ ಲೆಕ್ಕ

ಇಂದು ಹುಟ್ಟಿದ ಮಿಶ್ರತಳಿ ಹೆಣ್ಣುಗರುವನ್ನು ಚೆನ್ನಾಗಿ ಸಾಕಿದರೆ 15ರಿಂದ 18 ತಿಂಗಳಿಗೆ ಗರ್ಭಧಾರಣೆಗೆ ಬರುತ್ತದೆ. ಮೇಲೆ ಒಂಬತ್ತು ತಿಂಗಳ ಗಬ್ಬ. ಅಂದರೆ ಹಾಲು ಕಾಣಲು ಎರಡರಿಂದ ಎರಡೂವರೆ ವರ್ಷ. ಎಮ್ಮೆಯಾದರೆ ಹತ್ತು ತಿಂಗಳು ಗಬ್ಬ, ಒಟ್ಟು ಮೂರು ವರ್ಷದ ಮೇಲೆಯೇ. ಈ ಅವಧಿಯಲ್ಲಿ ಹಿಂಡಿ, ಕಣಿಕೆ, ಔಷಧಿಗೆ ಕೈಯಿಂದಲೇ ಹಾಕಬೇಕು. ಅರ್ಧ ದಾರಿಯಲ್ಲಿ ಮಣಕವನ್ನು ಮಾರಿದವರು ಮುಂದೆ ಸಂತೆಯಲ್ಲಿ ದುಪ್ಪಟ್ಟು ಕೊಟ್ಟು, ಇತಿಹಾಸ ಗೊತ್ತಿಲ್ಲದ ಆಕಳನ್ನು ತರಬೇಕಾಗುತ್ತದೆ.

ತಾಳ್ಮೆ ಎಂದರೆ ಕೈಕಟ್ಟಿ ಕೂಡುವುದಲ್ಲ. ಕರು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಬೇಕು. 30 ಕಿಲೋ ತೂಕದ ಕರುವಿಗೆ ಮೊದಲ ದಿನ ಸುಮಾರು ಮೂರು ಲೀಟರ್ ಬೇಕು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ಒಂದು ಬೆದೆ ತಪ್ಪಿದರೆ 21 ದಿನದ ಮೇವು ದಂಡ.

ಛಲ ಬೇರೆ, ಹಟ ಬೇರೆ. ಮೂರು ಸಲ ಗರ್ಭಧಾರಣೆ ಮಾಡಿಸಿಯೂ ಗಬ್ಬ ಕಟ್ಟದಿದ್ದರೆ ನಾಲ್ಕನೆಯದಕ್ಕೆ ಮೊದಲು ಗರ್ಭಕೋಶದ ತಪಾಸಣೆ ಮಾಡಿಸಿರಿ. ಕಾರಣ ಹುಡುಕದೆ ಅದೇ ಪ್ರಯತ್ನ ಮಾಡುವುದು ಪರಿಶ್ರಮವಲ್ಲ.

ಬಿದ್ದರೂ ಏಳುವವರು

2022ರಲ್ಲಿ ಚರ್ಮಗಂಟು ರೋಗ ನಮ್ಮ ಭಾಗದ ಕೊಟ್ಟಿಗೆಗಳನ್ನು ಹೇಗೆ ಕಾಡಿತೆಂದು ನಿಮಗೆ ಹೇಳಬೇಕಿಲ್ಲ. ಗೂಟ ಬರಿದಾದ ಮನೆಗಳನ್ನು ನಾನು ನೋಡಿದ್ದೇನೆ. ಮತ್ತೆ ಬೇಗ ಎದ್ದು ನಿಂತವರಲ್ಲಿ ಮನೆಯಲ್ಲೇ ಒಂದೆರಡು ಕರು ಬೆಳೆಸಿದ್ದವರು, ವಿಮೆ ಮಾಡಿಸಿದ್ದವರು ಇದ್ದರು. ಧೈರ್ಯಕ್ಕೂ ಮೊದಲೇ ಮಾಡಿಟ್ಟ ತಯಾರಿ ಬೇಕು.

ಆದ್ದರಿಂದ ಕಾರ್ಖಾನೆಗೆ ಹೋಗುವ ಯುವಕರಿಗೆ ನನ್ನ ಸಲಹೆ: ಕೆಲಸ ಬಿಟ್ಟು ಹತ್ತು ಆಕಳು ತರುವ ಅವಸರ ಬೇಡ. ಪಗಾರ ಬರುತ್ತಿರುವಾಗಲೇ, ಮನೆಯಲ್ಲಿ ನೋಡಿಕೊಳ್ಳುವವರನ್ನು ಕೇಳಿಕೊಂಡು, ಎರಡರಿಂದ ಆರಂಭಿಸಿರಿ. ಮೊದಲು ಮೇವು ಬೆಳೆಯಿರಿ, ಆಮೇಲೆ ಆಕಳು ಕಟ್ಟಿರಿ. ಒಂದು ನೋಟ್‌ಬುಕ್ ಇಡಿ. ಕರು ಹಾಕಿದ ದಿನ, ಬೆದೆಗೆ ಬಂದ ದಿನ, ಲಸಿಕೆ ಹಾಕಿಸಿದ ದಿನ, ಔಷಧಿ ಕೊಟ್ಟ ದಿನ, ಹಿಂಡಿಯ ಖರ್ಚು ಬರೆಯಿರಿ. ವರ್ಷದ ಕೊನೆಗೆ ಆಕಳು ಹೆಚ್ಚಿಸಬೇಕೋ ಬೇಡವೋ ಎಂಬುದನ್ನು ನೆರೆಮನೆಯವರಿಗಿಂತ, ನನಗಿಂತ, ಆ ಪುಸ್ತಕವೇ ಚೆನ್ನಾಗಿ ಹೇಳುತ್ತದೆ.