ನಿಮಗಿದು ಗೊತ್ತೇ? ವಾಷಿಂಗ್ ಮೆಷಿನ್‌ಗೆ ಬಿದ್ದ ಪೇಂಟಿಂಗ್‌ಗಳು

ತಾವೇ ಬರೆದ ಚಿತ್ರಗಳನ್ನು ಚೌಕಟ್ಟಿನಿಂದ ಕಿತ್ತು, ವಾಷಿಂಗ್ ಮೆಷಿನ್‌ಗೆ ಹಾಕಿ ಒಗೆದುಬಿಟ್ಟ ಕಲಾವಿದರೊಬ್ಬರಿದ್ದಾರೆ, ಗೊತ್ತೇ? ಹೆಸರು ಜೆಫ್ರಿ ಗಿಬ್ಸನ್. ಅಮೆರಿಕದ ಮಿಸಿಸಿಪ್ಪಿ ಚಾಕ್ಟಾ ಬುಡಕಟ್ಟಿನ ಸದಸ್ಯರು. ತಾಯಿಯ ಕಡೆಯಿಂದ ಚೆರೋಕಿ. 2011ರ ಆಸುಪಾಸು, ವಯಸ್ಸು ನಲವತ್ತಕ್ಕೆ ಹತ್ತಿರ. ಕಲೆಯ ಸಹವಾಸವೇ ಸಾಕು ಅನ್ನಿಸಿದ್ದ ಕಾಲ ಅದು. ಚಿತ್ರ ಹಾಳಾದರೂ ಚಿಂತೆಯಿಲ್ಲ ಎಂಬ ಘಟ್ಟಕ್ಕೆ ಬಂದಮೇಲೆ ಕೈ ಸಡಿಲವಾಯಿತು. ಅವರ ನಿಜವಾದ ಕೆಲಸ ಶುರುವಾದದ್ದು ಅಲ್ಲಿಂದ ಎಂದು ನನ್ನ ಲೆಕ್ಕ.

ಬಾಕ್ಸಿಂಗ್ ಕಲಿತದ್ದರಿಂದ ಒಬ್ಬ ಚಿತ್ರಕಾರನ ದಾರಿ ಬದಲಾಯಿತು ಎಂದರೆ ನಂಬುತ್ತೀರಾ? ಅದೇ ದಿನಗಳಲ್ಲಿ ಗಿಬ್ಸನ್ ಮನಸ್ಸಿನ ತಜ್ಞರೊಬ್ಬರ ಬಳಿ ಹೋಗುತ್ತಿದ್ದರು. ಬುಡಕಟ್ಟಿನವ, ಸಲಿಂಗಿ, ಕೈಯಲ್ಲಿ ಕಾಸಿಲ್ಲ. ಒಳಗೆ ಸಿಟ್ಟು ತುಂಬಿತ್ತು. ಮೈ ದಂಡಿಸಿ ಅದನ್ನು ಹೊರಹಾಕಿ ಎಂಬ ಸಲಹೆ ಸಿಕ್ಕಿತು. ಗುದ್ದಲು ಎದುರಿಗಿದ್ದದ್ದು ಎವರ್‌ಲಾಸ್ಟ್ ಕಂಪನಿಯ ಪಂಚಿಂಗ್ ಬ್ಯಾಗ್. ಗುದ್ದುತ್ತಾ ಗುದ್ದುತ್ತಾ ಅದಕ್ಕೇ ಬಟ್ಟೆ ತೊಡಿಸಿದರೆ ಹೇಗೆ ಎಂದು ತೋಚಿತು. ಹಳೆಯ ಮಿಲಿಟರಿ ಕಂಬಳಿ ಸುತ್ತಿದರು. ಮೇಲೆ ಸಾಲುಸಾಲು ಗಾಜಿನ ಮಣಿ, ಉಕ್ಕಿನ ಗುಂಡಿ, ಕೆಳಗಡೆ ತಗಡಿನ ಗೆಜ್ಜೆ, ನೈಲಾನ್ ಕುಚ್ಚು. ತೂಗುಹಾಕಿದರೆ ಮೂಲನಿವಾಸಿಗಳ ಪೊವ್‌ವೊವ್ ಹಬ್ಬಕ್ಕೆ ಸಿಂಗಾರಗೊಂಡ ನರ್ತಕಿ ನಿಂತ ಹಾಗೆ! ಮೊದಲು ಯೋಜನೆ, ಆಮೇಲೆ ವಸ್ತು ಎಂಬ ಕ್ರಮ ಇಲ್ಲಿ ತಲೆಕೆಳಗು. ಈ ಬ್ಯಾಗುಗಳನ್ನು ಇವತ್ತು ದೊಡ್ಡ ದೊಡ್ಡ ಮ್ಯೂಸಿಯಂಗಳು ಕೊಂಡು ಇಟ್ಟುಕೊಂಡಿವೆ. ಯಾರೂ ಗುದ್ದುವಂತಿಲ್ಲ.

ಇಷ್ಟಕ್ಕೂ ‘ತೋಚಿತು’ ಎನ್ನುವುದು ಆಕಾಶದಿಂದ ಉದುರುವುದಿಲ್ಲ. ಗಿಬ್ಸನ್ ಹಾಡು, ಭಾಷಣ, ಕಾನೂನಿನ ಪಠ್ಯ ಯಾವುದರಲ್ಲೇ ಆಗಲಿ, ಮನಸ್ಸಿಗೆ ಹಿಡಿಸಿದ ಸಾಲು ಕಂಡರೆ ಬರೆದಿಟ್ಟುಕೊಳ್ಳುವವರು. ಅದಕ್ಕೊಪ್ಪುವ ಚಿತ್ರ ಎಂದು ಬರುತ್ತದೋ ಅಂದಿನವರೆಗೆ ಅದು ಕಾಯುತ್ತದೆ. ಆ ಸಾಲುಗಳಿಗೆಂದೇ ತ್ರಿಕೋನ, ಚೌಕಗಳ ಒಂದು ಲಿಪಿಯನ್ನೂ ಕಟ್ಟಿಕೊಂಡಿದ್ದಾರೆ. ಮೊದಲ ನೋಟಕ್ಕೆ ಬರೀ ವಿನ್ಯಾಸ. ನಿಂತು ನೋಡಿದರೆ ಅಕ್ಷರ.

ಇನ್ನು ಮಣಿಗಳ ಕಥೆ. ಅಮೆರಿಕದ ಮೂಲನಿವಾಸಿಗಳ ಕಲೆ ಎಂದೊಡನೆ ಕಣ್ಣಿಗೆ ಕಟ್ಟುವ ಪುಟ್ಟ ಗಾಜಿನ ಮಣಿಗಳು ಅಮೆರಿಕದವೇ ಅಲ್ಲ! ಇಟಲಿಯ ವೆನಿಸ್ ನಗರದಿಂದಲೂ ಬೊಹೆಮಿಯಾದಿಂದಲೂ ಹಡಗು ಹತ್ತಿ ಹೋದವು. ತುಪ್ಪಳದ ವ್ಯಾಪಾರಿಗಳು ಅವನ್ನು ಕೊಟ್ಟು ಚರ್ಮ ಕೊಂಡರು. ಅದಕ್ಕೂ ಮುಂಚೆ ಅಲ್ಲಿನ ಹೆಂಗಸರು ಬಣ್ಣ ಹಾಕಿದ ಮುಳ್ಳುಹಂದಿಯ ಮುಳ್ಳು, ಚಿಪ್ಪು, ಮೂಳೆಗಳಿಂದ ಕಸೂತಿ ಮಾಡುತ್ತಿದ್ದರು; ಮಣಿ ಕೈಗೆ ಬಂದದ್ದೇ ಅದನ್ನೂ ತಮ್ಮದಾಗಿಸಿಕೊಂಡರು.

ಆ ಮಣಿ ಮತ್ತೆ ವೆನಿಸ್‌ಗೆ ಬಂದದ್ದು 2024ರಲ್ಲಿ. ಎರಡು ವರ್ಷಕ್ಕೊಮ್ಮೆ ನಡೆಯುವ ಜಗತ್ತಿನ ಅತಿ ಹಳೆಯ ಕಲಾಮೇಳ ಅಲ್ಲಿಯದು, 1895ರಿಂದ ನಡೆಯುತ್ತಿದೆ. ಅಲ್ಲಿ ಅಮೆರಿಕದ ಪ್ರದರ್ಶನ ಕಟ್ಟಡ, ಅಂದರೆ ಪೆವಿಲಿಯನ್, 1930ರಲ್ಲಿ ಕಟ್ಟಿದ್ದು. ಆ ದೇಶದ ಪರವಾಗಿ ಒಬ್ಬರೇ ಪ್ರದರ್ಶನ ನೀಡಿದ ಮೊದಲ ಮೂಲನಿವಾಸಿ ಕಲಾವಿದರು ಗಿಬ್ಸನ್. (1932ರಲ್ಲಿ ಮೂಲನಿವಾಸಿಗಳ ಚಿತ್ರ, ಮಡಕೆ, ನೇಯ್ಗೆಗಳನ್ನು ಅಲ್ಲಿ ಇಟ್ಟಿದ್ದರು, ಆದರೆ ಗುಂಪಾಗಿ.) ಪ್ರದರ್ಶನದ ಹೆಸರನ್ನು ಲಕೋಟ ಬುಡಕಟ್ಟಿನ ಕವಯಿತ್ರಿ ಲೇಲಿ ಲಾಂಗ್ ಸೋಲ್ಜರ್ ಅವರ ಕವಿತೆಯಿಂದ ಪಡೆದರು. ಗಂಭೀರ ಮುಖದ ಆ ಕಟ್ಟಡದ ಗೋಡೆಗಳಿಗೆ ಕಣ್ಣು ಕೋರೈಸುವ ಬಣ್ಣ ಬಂತು. ಅಂಗಳದ ತುಂಬ ಕೆಂಪು ಪೀಠಗಳು, ಮೇಲೆ ಯಾವ ಮಹಾಪುರುಷನ ವಿಗ್ರಹವೂ ಇಲ್ಲ. ಉದ್ಘಾಟನೆಯ ವೇಳೆ ಮೂಲನಿವಾಸಿ ನರ್ತಕರು ಅವುಗಳನ್ನೇ ರಂಗ ಮಾಡಿಕೊಂಡರು. ಒಳಗೆ ದೊಡ್ಡ ಮಣಿ ಹಕ್ಕಿಗಳು. ಹತ್ತೊಂಬತ್ತನೇ ಶತಮಾನದಲ್ಲಿ ನಯಾಗರಾ ಜಲಪಾತ ನೋಡಲು ಬಂದ ಪ್ರವಾಸಿಗರಿಗೆ ಅಲ್ಲಿನ ಮೂಲನಿವಾಸಿ ಹೆಂಗಸರು ಮಾರುತ್ತಿದ್ದ ಗುಂಡುಸೂಜಿ ದಿಂಬಿನಂಥ ಪುಟ್ಟ ಮಣಿ ಸಾಮಾನುಗಳೇ ಇವಕ್ಕೆ ಮಾದರಿ. ಮ್ಯೂಸಿಯಂಗಳು ಬಹುಕಾಲ ಅವನ್ನು ಕಲೆ ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅದೇ ವರ್ಷ ವೆನಿಸ್‌ನ ಉತ್ತಮ ರಾಷ್ಟ್ರೀಯ ಪೆವಿಲಿಯನ್ ಪ್ರಶಸ್ತಿ ಆಸ್ಟ್ರೇಲಿಯಾದ ಆರ್ಚಿ ಮೂರ್ ಅವರಿಗೆ. ಅವರೂ ಅಲ್ಲಿನ ಮೂಲನಿವಾಸಿಯೇ.

ತಗಡಿನ ಗೆಜ್ಜೆ ಅಂದೆನಲ್ಲ, ಅದರ ಹುಟ್ಟು ಒಂದು ಮಹಾಮಾರಿಯ ಕಾಲದ್ದು. 1918ರ ಇನ್‌ಫ್ಲುಯೆಂಜಾ ಹಬ್ಬಿದಾಗ ಒಜಿಬ್ವೆ ಜನರಲ್ಲೊಬ್ಬ ತಂದೆಗೆ, ಕಾಯಿಲೆ ಬಿದ್ದ ಮಗಳು ಚೇತರಿಸಿಕೊಳ್ಳಲೆಂದು ಒಂದು ಉಡುಪೂ ಒಂದು ಕುಣಿತವೂ ಕನಸಿನಲ್ಲಿ ಕಂಡವು ಎಂದು ಹೇಳುತ್ತಾರೆ. ನಶ್ಯದ ಡಬ್ಬಿಯ ಮುಚ್ಚಳಗಳನ್ನು ಶಂಕುವಿನಂತೆ ಸುತ್ತಿ ಲಂಗದ ತುಂಬ ಹೊಲಿದರು. ಹೆಜ್ಜೆ ಹಾಕಿದರೆ ಮಳೆ ಸುರಿದಂಥ ಸದ್ದು. ಈಗಲೂ ಅದನ್ನು ಗುಣಪಡಿಸುವ ನೃತ್ಯವೆಂದೇ ಕುಣಿಯುತ್ತಾರೆ. ಈ ಉಡುಪಿನ ನರ್ತಕಿ ಸಾರಾ ಓರ್ಟೆಗಾನ್ ಹೈವಾಕಿಂಗ್ ಅವರನ್ನು ಗಿಬ್ಸನ್ ಚಿತ್ರೀಕರಿಸಿದರು. 2020ರ ಮಾರ್ಚ್‌ನಲ್ಲಿ ಆ ವಿಡಿಯೊ ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್ ಪರದೆಗಳ ಮೇಲೆ ನಡುರಾತ್ರಿ ಓಡಿತು. ಕೊರೊನಾ ಆ ನಗರವನ್ನು ಮುತ್ತಿದ್ದೂ ಅದೇ ತಿಂಗಳು. ಇಂಥ ಕಾಕತಾಳೀಯಕ್ಕೆ ಯಾವ ಕಲಾವಿದನೂ ಜವಾಬ್ದಾರನಲ್ಲ ಬಿಡಿ.

ಕ್ಯಾನ್ವಾಸ್ ಬದಲು ಹದ ಮಾಡದ ತೊಗಲಿನ ಮೇಲೂ ಗಿಬ್ಸನ್ ಬಣ್ಣ ಹಚ್ಚುತ್ತಾರೆ. ನೆನೆಸಿದ ಚರ್ಮವನ್ನು ಬಿಗಿದರೆ ಒಣಗುವಾಗ ತಾನಾಗಿ ಎಳೆದುಕೊಳ್ಳುತ್ತದೆ, ತಟ್ಟಿದರೆ ನಾದ ಬರುತ್ತದೆ. ಈ ಕೆಲಸಕ್ಕಾಗಿ ಡೋಲು ಕಟ್ಟುವ ಕುಶಲಕರ್ಮಿಗಳ ಜೊತೆ ಕೂತು ದುಡಿದದ್ದುಂಟು. ಇಸ್ತ್ರಿ ಮಾಡುವ ಮೇಜಿಗೂ ಒಮ್ಮೆ ತೊಗಲು ಬಿಗಿದು ಚಿತ್ರ ಬರೆದರು!

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಗಿಬ್ಸನ್ ಓದಿದ್ದು (1998ರಲ್ಲಿ ಪದವಿ) ಯಾರ ದುಡ್ಡಿನಲ್ಲಿ? ಅವರ ಬುಡಕಟ್ಟೇ ಖರ್ಚು ಕೊಟ್ಟಿತು. 1830ರ ಡ್ಯಾನ್ಸಿಂಗ್ ರ‍್ಯಾಬಿಟ್ ಕ್ರೀಕ್ ಒಪ್ಪಂದದ ನಂತರ ಚಾಕ್ಟಾ ಜನರಲ್ಲಿ ಬಹುಪಾಲನ್ನು ಇಂದಿನ ಒಕ್ಲಹೋಮಾಕ್ಕೆ ಅಟ್ಟಲಾಯಿತು, ದಾರಿಯಲ್ಲೇ ಸಾವಿರಾರು ಜನ ಸತ್ತರು. ಊರು ಬಿಡದೆ ಉಳಿದವರ ಸಂತತಿಯೇ ಮಿಸಿಸಿಪ್ಪಿ ಚಾಕ್ಟಾ. ಸರ್ಕಾರದ ಮಾನ್ಯತೆ ಸಿಕ್ಕಿದ್ದು 1945ರಲ್ಲಿ. ಅತ್ತ ಪಶ್ಚಿಮಕ್ಕೆ ಹೋದವರು 1847ರಲ್ಲಿ, ತಾವೇ ಹಾಳಾಗಿದ್ದರೂ, ಬರಗಾಲದ ಐರ್ಲೆಂಡ್‌ಗೆ ಚಂದಾ ಎತ್ತಿ ಕಳಿಸಿದ್ದರು. ಅದರ ನೆನಪಿಗೆ ಐರ್ಲೆಂಡ್‌ನ ಮಿಡಲ್‌ಟನ್ ಊರಿನಲ್ಲಿ ಒಂಬತ್ತು ಉಕ್ಕಿನ ಹದ್ದಿನ ಗರಿಗಳು ನಿಂತಿವೆ.

‘ಮೂಲನಿವಾಸಿ ಕಲಾವಿದ’ ಎಂದು ಹೇಳಿಕೊಳ್ಳಲೂ ಅಮೆರಿಕದಲ್ಲಿ ಕಾನೂನಿದೆ. 1990ರ ಕಾಯ್ದೆಯ ಪ್ರಕಾರ, ಮಾನ್ಯತೆ ಪಡೆದ ಬುಡಕಟ್ಟಿನ ಸದಸ್ಯರೋ ಬುಡಕಟ್ಟು ಪ್ರಮಾಣೀಕರಿಸಿದ ಕುಶಲಕರ್ಮಿಯೋ ಮಾಡದ ವಸ್ತುವನ್ನು ಮೂಲನಿವಾಸಿಗಳದ್ದೆಂದು ಮಾರಿದರೆ ಮೊದಲ ತಪ್ಪಿಗೇ ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಜೈಲು. ಅದೇ ವರ್ಷದ ಇನ್ನೊಂದು ಕಾಯ್ದೆ, ಮ್ಯೂಸಿಯಂಗಳಲ್ಲಿರುವ ಪೂರ್ವಜರ ಅಸ್ಥಿ, ಪವಿತ್ರ ವಸ್ತುಗಳನ್ನು ಬುಡಕಟ್ಟುಗಳಿಗೆ ಹಿಂದಿರುಗಿಸಬೇಕೆಂದು ಹೇಳಿತು. ವಿದ್ಯಾರ್ಥಿಯಾಗಿದ್ದಾಗ ಗಿಬ್ಸನ್ ಷಿಕಾಗೊದ ಫೀಲ್ಡ್ ಮ್ಯೂಸಿಯಂನಲ್ಲಿ ಈ ಕೆಲಸಕ್ಕೆ ಸಹಾಯಕರಾಗಿದ್ದರು. ಗಾಜಿನ ಪೆಟ್ಟಿಗೆಯಲ್ಲಿದ್ದ ವಸ್ತುಗಳನ್ನು ಹಿರಿಯರು ಬಂದು ಹೇಗೆ ಕಾಣುತ್ತಿದ್ದರು ಎಂಬುದನ್ನು ಅಲ್ಲಿ ಕಣ್ಣಾರೆ ಕಂಡರು. ಕಲಾಶಾಲೆಯ ಪಾಠಕ್ಕಿಂತ ಇದೇ ದೊಡ್ಡ ಪಾಠವಾಗಿರಬೇಕು.

ಬ್ರೂಕ್ಲಿನ್ ಮ್ಯೂಸಿಯಂನಲ್ಲಿ ‘ಸಾಯುತ್ತಿರುವ ಇಂಡಿಯನ್’ ಎಂಬ ಕಂಚಿನ ಪ್ರತಿಮೆಯಿದೆ, ಚಾರ್ಲ್ಸ್ ಕ್ಯಾರಿ ರಮ್ಸಿ 1900ರ ದಶಕದಲ್ಲಿ ಮಾಡಿದ್ದು. ತಲೆ ಬಾಗಿದ ಕುದುರೆ, ಅದರ ಮೇಲೆ ಕುಗ್ಗಿದ ಸವಾರ. 2020ರಲ್ಲಿ ಅಲ್ಲಿ ನಡೆದ ತಮ್ಮ ಪ್ರದರ್ಶನಕ್ಕೆ ಗಿಬ್ಸನ್ ಅದನ್ನು ತೆಗೆಯಿಸಲೂ ಇಲ್ಲ, ಬೈಯಲೂ ಇಲ್ಲ. ಪಾನಿ–ಕ್ರೀ ಬುಡಕಟ್ಟುಗಳ ಕಲಾವಿದ ಜಾನ್ ಲಿಟಲ್ ಸನ್ ಮೂರಿ ಅವರಿಂದ ಹೊಸ ಮಣಿ ಮೋಕಾಸಿನ್ ಹೊಲಿಸಿ ಆ ಸವಾರನ ಕಾಲಿಗೆ ತೊಡಿಸಿದರು. ಸಾಯಲೆಂದೇ ಕೂರಿಸಿದವನಿಗೆ ಪ್ರಯಾಣಕ್ಕೆ ಹೊಸ ಪಾದರಕ್ಷೆ! ಅವರ ಕೃತಿಗಳಲ್ಲೆಲ್ಲ ನನಗೆ ಅತಿ ಹಿಡಿಸಿದ್ದು ಇದೇ.

2019ರಲ್ಲಿ ಗಿಬ್ಸನ್‌ಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಸಿಕ್ಕಿತ್ತು. ಮೊತ್ತ 6,25,000 ಡಾಲರ್.

ಚಾಕ್ಟಾ ರಕ್ತದ ಇನ್ನೊಬ್ಬ ಹಿರಿಯ ಚಿತ್ರಕಾರ್ತಿಯೂ ಇದ್ದಾರೆ: ಲಿಂಡಾ ಲೊಮಹಾಫ್ಟೆವಾ. ತಂದೆ ಹೋಪಿ, ತಾಯಿ ಚಾಕ್ಟಾ. 1962ರಲ್ಲಿ ಸಾಂತಾ ಫೆಯಲ್ಲಿ ಮೂಲನಿವಾಸಿಗಳ ಕಲಾಶಾಲೆ ತೆರೆದಾಗ ಮೊದಲ ತಂಡದಲ್ಲಿ ಕಲಿತು, ಮುಂದೆ ಅಲ್ಲೇ ನಾಲ್ಕು ದಶಕ ಕಲಿಸಿದರು.

ಗಿಬ್ಸನ್ ಈಗ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಬಳಿಯ ಹಳೆಯ ಶಾಲಾ ಕಟ್ಟಡವೊಂದರಲ್ಲಿ ಸ್ಟುಡಿಯೊ ಮಾಡಿಕೊಂಡಿದ್ದಾರೆ. ಮಣಿ ಪೋಣಿಸುವವರು, ಹೊಲಿಯುವವರು ಎಲ್ಲ ಸೇರಿ ಅದೊಂದು ಕಾರ್ಖಾನೆಯೇ. 2025ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಎದುರು ಗೋಡೆಯ ಗೂಡುಗಳನ್ನು ಅವರಿಗೆ ಬಿಟ್ಟುಕೊಟ್ಟಿತು. ಜಿಂಕೆ, ಕಯೋಟಿ, ಗಿಡುಗ, ಅಳಿಲು ಅಲ್ಲಿ ಬಂದು ನಿಂತವು. ಮೊದಲು ಮರ, ಮಣಿ, ಬಟ್ಟೆಗಳಲ್ಲಿ ಕಟ್ಟಿ, ಆಮೇಲೆ ಕಂಚಿನಲ್ಲಿ ಎರಕ ಹೊಯ್ದದ್ದು. ಒಂದೊಂದೂ ಸುಮಾರು ಹತ್ತು ಅಡಿ. ಅಳಿಲೂ ಅಷ್ಟೇ, ಜಿಂಕೆಯೂ ಅಷ್ಟೇ.