ಕಾಲು ಹೇಳದ ನೋವು, ಕಣ್ಣು ಅಳೆಯುವ ಚಪ್ಪಲಿ

ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ರೈತರೊಬ್ಬರು ಅಂಗಾಲಿನ ಹುಣ್ಣು ತೋರಿಸಲು ಕಲಬುರಗಿಗೆ ಬಂದಿದ್ದರು. ಹವಾಯಿ ಚಪ್ಪಲಿಯ ತಳ ದಾಟಿ ಚುಚ್ಚಿದ ಜಾಲಿಮುಳ್ಳು ಎರಡು ದಿನ ಕಾಲಲ್ಲೇ ಇದ್ದರೂ ಅವರಿಗೆ ನೋವಾಗಿರಲಿಲ್ಲ. ಹಳೆಯ ಸಕ್ಕರೆ ಕಾಯಿಲೆಯಲ್ಲಿ ನರಗಳು ಕೆಟ್ಟು ಪಾದ ಜೋಮು ಹಿಡಿಯುತ್ತದೆ. ಅಂಥವರು ‘ಹಾಕಿಕೊಂಡರೆ ಹಿತವಾಗಿದೆ’ ಎಂದು ಚಪ್ಪಲಿ ಕೊಳ್ಳುವಂತಿಲ್ಲ, ಅಳೆದೇ ಕೊಳ್ಳಬೇಕು.

ಕಾಗದದ ಮೇಲೆ ನಿಂತು ಎರಡೂ ಪಾದಗಳ ಗುರುತು ಬರೆಸಿ, ಕತ್ತರಿಸಿ ಅಂಗಡಿಗೆ ಒಯ್ಯಿರಿ. ಕಾಗದ ಬೂಟಿನೊಳಗೆ ಮಡಿಚಿಕೊಂಡರೆ ಆ ಬೂಟು ಬೇಡ. ಉದ್ದನೆಯ ಬೆರಳಿನ ಮುಂದೆ ಅರ್ಧ ಅಂಗುಲ ಜಾಗವಿರಲಿ. ಸಂಜೆಗೆ ಪಾದ ತುಸು ಊದಿರುತ್ತದೆ, ಆಗಲೇ ಕೊಳ್ಳಿ.

ಜೋಮಿರುವವರಿಗೆ ಉಂಗುಟದ ಚಪ್ಪಲಿ ಸಲ್ಲದು. ಹಿಮ್ಮಡಿಗೆ ಪಟ್ಟಿಯಿರುವ, ಒಳಗೆ ಮೆತ್ತಗೆ, ತಳ ಗಟ್ಟಿಯಿರುವ ಎಂ.ಸಿ.ಆರ್. ಚಪ್ಪಲಿ ಒಳ್ಳೆಯದು. ದಿನವಿಡೀ ನಿಲ್ಲುವವರಿಗೆ ಲೇಸಿನ ಬೂಟು, ಹತ್ತಿಯ ಕಾಲುಚೀಲ. ಹಾವು, ಮುಳ್ಳಿನ ಹೊಲಕ್ಕೆ ಗಮ್‌ಬೂಟು.

ಶರಣಬಸವೇಶ್ವರ ಗುಡಿಯಲ್ಲಿ, ಬಂದಾನವಾಜ್ ದರ್ಗಾದಲ್ಲಿ ಚಪ್ಪಲಿ ಬಿಡಲೇಬೇಕು. ಬೇಸಿಗೆಯ ಕಾದ ಕಲ್ಲು ಸುಟ್ಟರೂ ಜೋಮು ಪಾದಕ್ಕೆ ತಿಳಿಯದು. ಬೆಳಗಿನ ತಂಪಿನಲ್ಲೇ ಹೋಗಿ ಬನ್ನಿ.

ಹಾಕುವ ಮುನ್ನ ಚಪ್ಪಲಿ ಕೊಡವಿ, ಮಲಗುವ ಮುನ್ನ ಅಂಗಾಲು ನೋಡಿಕೊಳ್ಳಿ. ನೋವಿಲ್ಲವೆಂದು ಗಾಯವನ್ನು ಕಡೆಗಣಿಸದೆ ಅಂದೇ ವೈದ್ಯರಿಗೆ ತೋರಿಸಿ.