ಕಾಡುಕೋಳಿಯಲ್ಲಿ ಇಲ್ಲದ ವೈರಸ್

ಕಾರವಾರದ ಕೈಗಾ ಕಾಡಿನಲ್ಲಿ, ಅಂಕೋಲಾದ ಘಟ್ಟದ ಬುಡದಲ್ಲಿ ಬೆಳಗಿನ ಜಾವ ಕೂಗುವುದು ಬೂದು ಕಾಡುಕೋಳಿ. ಹುಂಜದ ಕೊರಳ ಗರಿಗಳ ಮೇಲೆ ಅರಗು ತೊಟ್ಟಿಕ್ಕಿದಂಥ ಹೊಳಪಿನ ಚುಕ್ಕೆಗಳಿರುತ್ತವೆ. ಊರಕೋಳಿಯ ಮೂಲಪುರುಷ ಮಾತ್ರ ಇದಲ್ಲ, ಕೆಂಪು ಕಾಡುಕೋಳಿ. ಇವೆರಡರ ಡಿಎನ್‌ಎಯಲ್ಲಿ ಅಡಗಿದ್ದ ಒಂದು ವ್ಯತ್ಯಾಸವನ್ನು ಬಯಲಿಗೆ ತಂದವರು ಪಕ್ಷಿತಜ್ಞರಲ್ಲ, ಕ್ಯಾನ್ಸರ್ ಸಂಶೋಧಕರು.

1911ರಲ್ಲಿ ನ್ಯೂಯಾರ್ಕಿನ ಪೇಟನ್ ರೌಸ್ ಪ್ಲಿಮತ್ ರಾಕ್ ತಳಿಯ ಹೇಂಟೆಯೊಂದರ ಗಡ್ಡೆಯನ್ನು ಅರೆದು, ಜೀವಕೋಶಗಳೇ ಉಳಿಯದಂತೆ ಸೋಸಿ, ಆ ರಸವನ್ನು ಬೇರೆ ಕೋಳಿಗಳಿಗೆ ಚುಚ್ಚಿದರು. ಅವಕ್ಕೂ ಗಡ್ಡೆ ಬಂತು. ಕಾರಣ ವೈರಸ್. ರೌಸ್‌ಗೆ ನೊಬೆಲ್ ಬಂದದ್ದು 1966ರಲ್ಲಿ.

ಆಮೇಲೆ ವಿಚಿತ್ರವೊಂದು ಎದುರಾಯಿತು. ಸೋಂಕೇ ತಗಲದ ಕೋಳಿಗಳಲ್ಲೂ ಇದೇ ಬಳಗದ ವೈರಸ್ಸಿನ ಪ್ರೋಟೀನು! 1968ರಲ್ಲಿ ಪೇನ್ ಮತ್ತು ಚಬ್ ಅದು ಮೆಂಡಲನ ನಿಯಮದಂತೆ ಮರಿಗಳಿಗೆ ಇಳಿಯುತ್ತದೆಂದು ತೋರಿಸಿದರು. ಲಂಡನ್ನಿನ ರಾಬಿನ್ ವೈಸ್ ಹೊರಕವಚದ ಜೀನ್ ಇಲ್ಲದ ರೌಸ್ ವೈರಸ್ಸನ್ನು ಕೋಳಿಯ ಕೋಶಗಳಿಗೆ ಬಿಟ್ಟರು. ಕ್ಯಾನ್ಸರಿಗೆ ತಿರುಗಿದ ಆ ಕೋಶಗಳಿಂದ ಸೋಂಕು ಹರಡಬಲ್ಲ ವೈರಸ್ ಹೊರಬರಬಾರದಿತ್ತು. ಕೆಲವು ಕೋಶಗಳಿಂದ ಬಂತು. ಕವಚ ಕೊಟ್ಟದ್ದು ಕೋಶದ ಡಿಎನ್‌ಎಯಲ್ಲೇ ಇದ್ದ ಹಳೆಯ ವೈರಸ್ ಜೀನ್. ಇದು ಅಸಾಧ್ಯವೆಂದು ವಿಮರ್ಶಕರು ಅವರ ಲೇಖನವನ್ನು ತಿರಸ್ಕರಿಸಿದ್ದರು. 1971ರಲ್ಲಿ ವೈಸ್ ಮತ್ತು ಸಂಗಡಿಗರು ಆರೋಗ್ಯವಂತ ಕೋಶಗಳಿಗೆ ವಿಕಿರಣ, ಕ್ಯಾನ್ಸರ್‌ಕಾರಕ ರಾಸಾಯನಿಕ ತಾಗಿಸಿದಾಗ ಇಡೀ ವೈರಸ್ಸೇ ಎದ್ದು ಬಂತು.

ವೈರಸ್ಸಿನ ಜೀನ್‌ಗಳು ಕೋಶದ ಡಿಎನ್‌ಎಯಲ್ಲಿ ಅಡಗಿರಬಲ್ಲವು ಎಂಬುದಕ್ಕೆ ಮರುವರ್ಷ ಹಿಲ್ ಮತ್ತು ಹಿಲ್ಲೋವಾ ಎಂಬ ಸಂಶೋಧಕರು ಇನ್ನೊಂದು ಪುರಾವೆ ಒದಗಿಸಿದರು. ರೌಸ್ ವೈರಸ್ಸಿನಿಂದ ಇಲಿಯಲ್ಲಿ ಬೆಳೆದ ಗಡ್ಡೆಯ ಕೋಶಗಳು ವೈರಸ್ಸನ್ನು ಹೊರಬಿಡುತ್ತಿರಲಿಲ್ಲ. ಅವುಗಳ ಡಿಎನ್‌ಎಯನ್ನಷ್ಟೇ ತೆಗೆದು ಕೋಳಿಯ ಕೋಶಗಳಿಗೆ ಸೇರಿಸಿದರೆ ಆ ಕೋಶಗಳು ರೂಪ ಬದಲಿಸಿ ರೌಸ್ ವೈರಸ್ಸನ್ನು ಉತ್ಪಾದಿಸಿದವು.

ಆರೋಗ್ಯವಂತ ಕೋಳಿಗಳಲ್ಲೂ ಇದ್ದ ಆ ಹಳೆಯ ವೈರಸ್ ಜೀನ್ ಕೋಳಿಯ ವಂಶಕ್ಕೆ ಹೊಕ್ಕಿದ್ದು ಯಾವಾಗ? ವೈಸ್ ಮಲೇಷ್ಯಾದ ಕಾಡಿಗೇ ಹೋದರು. ಅಲ್ಲಿನ ಕೆಂಪು ಕಾಡುಕೋಳಿಯಲ್ಲಿ ಅದಿತ್ತು. 1979ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಬೂದು ಕಾಡುಕೋಳಿಯಲ್ಲಿ ಅದು ಸಿಗಲಿಲ್ಲ. ಎಂದರೆ ಎರಡು ಜಾತಿಗಳು ಕವಲೊಡೆದ ಮೇಲೆ ವೈರಸ್ ಕೆಂಪು ಕೋಳಿಯ ವಂಶವನ್ನು ಹೊಕ್ಕಿರಬೇಕು. ಗಡ್ಡೆಯ ಬೆನ್ನುಹತ್ತಿದ ವಿಜ್ಞಾನ ಕೋಳಿಯ ವಂಶಾವಳಿಗೇ ಕಾಲಸೂಚಿ ಒದಗಿಸಿದ್ದು ಈ ಕಥೆಯ ಅತ್ಯಂತ ಚೆಲುವಾದ ಭಾಗ.

ಹಾಗೆಂದು ಬೂದು ಕೋಳಿಗೂ ಊರಕೋಳಿಗೂ ನಂಟೇ ಇಲ್ಲವೆಂದಲ್ಲ. ಊರಕೋಳಿಯ ಹಳದಿ ಚರ್ಮ, ಹಳದಿ ಕಾಲಿನ ಜೀನ್ ಬಂದದ್ದು ಬೂದು ಕಾಡುಕೋಳಿಯಿಂದ ಎಂದು 2008ರ ಅಧ್ಯಯನ ತೋರಿಸಿತು. ಬೆರಕೆ ಒಮ್ಮೆ ಆಗಿದೆ, ಮತ್ತೆಯೂ ಆಗಬಹುದು. ಆಗ ಊರಕೋಳಿಯ ವೈರಸ್ ಜೀನ್ ಕಾಡಿನತ್ತ ಹೋಗಬಹುದು. ಕೈಗಾ, ಅಂಕೋಲಾದ ಕಾಡಂಚಿನ ಹಕ್ಕಿಗಳ ಉದುರಿದ ಗರಿಗಳಿಂದಲೇ ಇದನ್ನು ಪರೀಕ್ಷಿಸಲು ಸಾಧ್ಯ.